ಈರ್ಯಾಸಮಿತಿಯೂ ಪೇಟೆಯ ಬೀದಿಯೂ

ಮುನಿಸಂಘವೊಂದು ವಿಹಾರ ಮಾಡುತ್ತ ಊರಿಗೆ ಬರುವ ದಿನ ಶ್ರಾವಕ ಸಮಾಜದಲ್ಲಿ ಕಾಣುವ ಉತ್ಸಾಹವನ್ನು ಯಾರಿಗೂ ಹೊಸದಾಗಿ ವರ್ಣಿಸಿ ಹೇಳಬೇಕಾಗಿಲ್ಲ. ಊರ ಗಡಿಯಲ್ಲಿ ಪೂರ್ಣಕುಂಭ, ತೋರಣ, ಮಂಗಳವಾದ್ಯ. ಪಾದಪ್ರಕ್ಷಾಲನೆಗೆ ನಾ ಮುಂದು ತಾ ಮುಂದು ಎನ್ನುವ ಭಕ್ತರ ಸಾಲು. ನೂರಾರು ಮೈಲಿಗಳನ್ನು ಬರಿಗಾಲಿನಲ್ಲಿ ಕ್ರಮಿಸಿ ಬಂದ ಆ ಪಾದಗಳಿಗೆ ಎರೆದ ನೀರನ್ನು ಶಿರಸ್ಸಿಗೆ ಪ್ರೋಕ್ಷಿಸಿಕೊಂಡು ಶ್ರಾವಕರು ಧನ್ಯತೆಯನ್ನು ಅನುಭವಿಸುತ್ತಾರೆ. ಪ್ರವಚನ ಮುಗಿಯುತ್ತದೆ. ಅದೇ ಶ್ರಾವಕರು ಹೊರಗೆ ಬಂದು, ಅರ್ಧ ಕಿಲೋಮೀಟರೂ ದೂರವಿಲ್ಲದ ತಮ್ಮ ಮನೆಗೆ ಕಾರಿನಲ್ಲಿಯೋ ಬೈಕಿನಲ್ಲಿಯೋ ಹಿಂದಿರುಗುತ್ತಾರೆ. ನಡಿಗೆಯನ್ನು ಪೂಜಿಸಲು ಬಂದವರಿಗೆ ನಡೆಯುವುದು ಮಾತ್ರ ಬೇಡವಾಗಿದೆ.

ಇದನ್ನು ಕೇವಲ ಒಂದು ವಿನೋದವೆಂದು ನಕ್ಕು ಬಿಡುವಂತಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಂಥ ಮಲೆನಾಡಿನ ಪೇಟೆಗಳಲ್ಲಿ ನಡೆದು ಬಾಳುವ ಒಂದು ಜೀವನಕ್ರಮವೇ ಕಣ್ಣೆದುರಿಗೆ ಕರಗುತ್ತಿದೆ. ಅದು ಕರಗುವುದರಲ್ಲಿ ವ್ಯಾಪಾರಿ ಸಮಾಜದ, ಅದರಲ್ಲಿಯೂ ಅಹಿಂಸೆಯನ್ನು ಪರಮಧರ್ಮವೆಂದು ಸಾರುವ ಜೈನ ಸಮಾಜದ ಪಾಲು ಸಣ್ಣದಲ್ಲ. ಕಾಲ್ನಡಿಗೆಯಲ್ಲಿ ಸಂತೆ-ಪೇಟೆ ಮಾಡುವುದು ಬಡತನದ ಲಕ್ಷಣವಲ್ಲ, ಹಳೆಯ ಕಾಲದವರ ಹಠವೂ ಅಲ್ಲ. ಅದು ಶ್ರಾವಕನ ವ್ರತಗಳಿಗೆ ಸಹಜವಾಗಿ ಹೊಂದುವ ಬಾಳ್ವೆ. ಅಂಥ ಬಾಳ್ವೆಗೆ ಎಡೆಯಿರುವ ಪೇಟೆಯನ್ನು ಉಳಿಸಿಕೊಳ್ಳುವುದು ಶ್ರಾವಕನ ಕರ್ತವ್ಯ. ಈ ಮಾತನ್ನು ಸ್ಪಷ್ಟವಾಗಿ ಆಡಬೇಕಾದ ಕಾಲ ಬಂದಿದೆ.

ಮೊದಲು ಶಾಸ್ತ್ರದ ಮಾತು. ಪಂಚ ಸಮಿತಿಗಳಲ್ಲಿ ಮೊದಲನೆಯದು ಈರ್ಯಾಸಮಿತಿ. ಸೂರ್ಯನ ಬೆಳಕಿನಲ್ಲಿ, ಜನರು ಆಗಲೇ ನಡೆದು ಮೆಟ್ಟಿದ ಹಾದಿಯಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ, ಜೀವಿಗಳಿಗೆ ಬಾಧೆಯಾಗದಂತೆ ಅಡಿಯಿಡುವುದು ಅದರ ಸ್ವರೂಪ. ನಾಲ್ಕು ಮೊಳವೆಂದರೆ ಆರು ಅಡಿ, ಅಂದರೆ ಸುಮಾರು 1.8 ಮೀಟರು. ಈಗ ಒಂದು ಸರಳವಾದ ಲೆಕ್ಕ ಹಾಕಿ ನೋಡಬಹುದು. ಗಂಟೆಗೆ 5 ಕಿ.ಮೀ. ವೇಗದಲ್ಲಿ ನಡೆಯುವ ಮನುಷ್ಯನು ಆ ನಾಲ್ಕು ಮೊಳ ನೆಲವನ್ನು ದಾಟಲು ಒಂದು ಸೆಕೆಂಡಿಗಿಂತ ಹೆಚ್ಚು ಹೊತ್ತು ಬೇಕು. ಅಷ್ಟರಲ್ಲಿ ಕಣ್ಣು ಇರುವೆಯ ಸಾಲನ್ನು ಕಾಣುತ್ತದೆ, ಕಾಲು ಪಕ್ಕಕ್ಕೆ ಸರಿಯುತ್ತದೆ. ಗಂಟೆಗೆ 40 ಕಿ.ಮೀ. ವೇಗದ ಬೈಕು ಸೆಕೆಂಡಿಗೆ 11 ಮೀಟರು ಓಡುತ್ತದೆ. ಆ ನಾಲ್ಕು ಮೊಳ ಅದಕ್ಕೆ ಸೆಕೆಂಡಿನ ಆರನೆಯ ಒಂದು ಭಾಗದಲ್ಲಿ ಮುಗಿದುಹೋಗುತ್ತದೆ. ಇರುವೆಯ ಮಾತಿರಲಿ, ಅಡ್ಡ ಬಂದ ನಾಯಿಮರಿಯನ್ನು ಉಳಿಸಲೂ ಆ ಅವಧಿ ಸಾಲದು. ಚಕ್ರಕ್ಕೆ ಈರ್ಯಾಸಮಿತಿ ಇಲ್ಲ. ಇರಲು ಸಾಧ್ಯವೂ ಇಲ್ಲ.

ಸಮಿತಿಗಳು ಮಹಾವ್ರತಿಗಳಿಗೆ ಹೇಳಿದವು, ಗೃಹಸ್ಥನಿಗೆ ಅವುಗಳ ಗೊಡವೆ ಏಕೆ ಎಂಬ ಆಕ್ಷೇಪವನ್ನು ಕೆಲವರು ಎತ್ತುತ್ತಾರೆ. ಒಪ್ಪತಕ್ಕ ಮಾತೇ. ಹಾಗಾದರೆ ಗೃಹಸ್ಥನಿಗಾಗಿಯೇ ಹೇಳಿದ ವ್ರತಗಳನ್ನು ನೋಡೋಣವೆಂದರೆ ಅಲ್ಲಿ ಪಾರಾಗುವ ದಾರಿ ಇನ್ನೂ ಕಿರಿದಾಗಿದೆ. ದಿಗ್ವ್ರತವು ಶ್ರಾವಕನು ಜೀವಮಾನದಲ್ಲಿ ಸಂಚರಿಸುವ ದಿಕ್ಕುಗಳಿಗೆ ಮೇರೆ ಹಾಕುತ್ತದೆ. ದೇಶಾವಕಾಶಿಕ ವ್ರತವು ಆ ಮೇರೆಯನ್ನು ದಿನದಿನಕ್ಕೆ ಇನ್ನಷ್ಟು ಸಂಕೋಚಿಸುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಈ ಮೇರೆಯನ್ನು ಯಾವುದರಿಂದ ಗುರುತಿಸಬೇಕೆಂದು ಹೇಳುವಾಗ ಮನೆ, ಕೇರಿ, ಗ್ರಾಮ, ಹೊಲ, ನದಿ, ಕಾಡು, ಯೋಜನ ಎಂಬ ಕ್ರಮವನ್ನು ಕೊಡುತ್ತಾರೆ. ಓದುಗರು ಈ ಪಟ್ಟಿಯನ್ನು ಗಮನಿಸಬೇಕು. ಮನೆಯಿಂದ ಹೊರಟು ಕೇರಿಗೆ, ಕೇರಿಯಿಂದ ಊರಿಗೆ, ಊರಿನಿಂದ ಹೊಲ-ಹೊಳೆಗಳಿಗೆ. ಇವು ಕಾಲಿಗೆ ಎಟಕುವ ಅಳತೆಗಳು. ಶ್ರಾವಕನ ದಿನನಿತ್ಯದ ಬಾಳು ಕೇರಿಯ ಒಳಗೆ, ಊರಿನ ಒಳಗೆ ನಡೆಯಬಲ್ಲದು ಎಂಬ ತಿಳಿವಳಿಕೆಯ ಮೇಲೆಯೇ ಆ ವ್ರತ ನಿಂತಿದೆ.

ಇನ್ನು ಅನರ್ಥದಂಡವ್ರತ. ಪ್ರಯೋಜನವಿಲ್ಲದ ಹಿಂಸೆಯೇ ಅನರ್ಥದಂಡ. ಅದರ ಐದು ಬಗೆಗಳಲ್ಲಿ ಒಂದು ಪ್ರಮಾದಚರ್ಯೆ: ಕಾರಣವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹೊತ್ತಿಸುವುದು, ಗಾಳಿಯನ್ನು ಕದಡುವುದು, ಗಿಡ ಕಡಿಯುವುದು, ಕಾರಣವಿಲ್ಲದೆ ತಿರುಗಾಡುವುದು, ಇತರರನ್ನೂ ತಿರುಗಾಡಿಸುವುದು. ಒಂದು ಇಂಜಿನನ್ನು ಚಾಲೂ ಮಾಡಿದಾಗ ಇವುಗಳಲ್ಲಿ ಎಷ್ಟು ಒಟ್ಟಿಗೆ ನಡೆಯುತ್ತವೆ ಎಂಬುದನ್ನು ಪ್ರತಿಯೊಬ್ಬರೂ ಎಣಿಸಿಕೊಳ್ಳಬಹುದು. ಅದು ಕ್ಷಣಕ್ಷಣಕ್ಕೂ ಅಗ್ನಿಯನ್ನು ಹೊತ್ತಿಸುತ್ತದೆ, ವಾಯುವನ್ನು ಕೆಡಿಸುತ್ತದೆ, ಅದರ ಚಕ್ರ ನೆಲದ ಜೀವಿಗಳನ್ನು ಅರೆಯುತ್ತದೆ.

ಇಲ್ಲಿ ಒಂದು ಜಾಣ ವಾದವಿದೆ. ಹಿಂಸೆಯಲ್ಲಿ ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ವಿಧ. ಗೃಹಸ್ಥನು ಬಿಡಲೇಬೇಕಾದುದು ಸಂಕಲ್ಪಿ ಹಿಂಸೆಯನ್ನು ಮಾತ್ರ. ಮನೆವಾರ್ತೆಗೆ, ವ್ಯಾಪಾರಕ್ಕೆ ವಾಹನ ಓಡಿಸುವುದು ಆರಂಭಿ ಅಥವಾ ಉದ್ಯೋಗಿ ಹಿಂಸೆ. ಆದುದರಿಂದ ದೋಷವಿಲ್ಲ ಎಂಬುದು ಆ ವಾದ. ಶಿರಸಿಯಿಂದ ಹುಬ್ಬಳ್ಳಿಗೆ ಅಡಿಕೆ ಸಾಗಿಸುವ ಲಾರಿಗೆ ಈ ವಾದ ಸಲ್ಲುತ್ತದೆ. ಕುಮಟೆಗೆ, ಬೆಂಗಳೂರಿಗೆ ಹೋಗಬೇಕಾದವನ ಬಸ್ಸಿಗೂ ಸಲ್ಲುತ್ತದೆ. ಮುಂದಿನ ತಿರುವಿನಲ್ಲಿರುವ ಅಂಗಡಿಯಿಂದ ಒಂದು ಪೊಟ್ಟಣ ಸಕ್ಕರೆ ತರಲು ಇಂಜಿನು ಚಾಲೂ ಮಾಡಿದವನಿಗೆ ಅದು ಸಲ್ಲುವುದಿಲ್ಲ. ಆರಂಭಿ ಹಿಂಸೆಗೆ ಕ್ಷಮೆ ದೊರಕುವುದು ಅದು ಅನಿವಾರ್ಯ ಎಂಬ ಒಂದೇ ಕಾರಣದಿಂದ. ಅನಿವಾರ್ಯತೆ ಇಲ್ಲವಾದಲ್ಲಿ ಅದು ಅನರ್ಥದಂಡದ ಖಾತೆಗೇ ಜಮೆಯಾಗುತ್ತದೆ. ಹೆಸರು ಬದಲಿಸಿದ ಮಾತ್ರಕ್ಕೆ ಖಾತೆ ಬದಲಾಗದು ಎಂಬುದನ್ನು ವ್ಯಾಪಾರಿಗಳಿಗೆ ಹೇಳಿಕೊಡಬೇಕಾಗಿಲ್ಲ.

ಅನಿವಾರ್ಯತೆ ಇದೆಯೇ ಇಲ್ಲವೇ ಎಂಬುದನ್ನು ಈ ಮೂರು ಊರುಗಳ ರಚನೆಯೇ ತೋರಿಸಿಕೊಡುತ್ತದೆ. 2011ರ ಜನಗಣತಿಯಂತೆ ಶಿರಸಿಯ ಜನಸಂಖ್ಯೆ ಸುಮಾರು 62 ಸಾವಿರ, ಯಲ್ಲಾಪುರದ್ದು ಸುಮಾರು 20 ಸಾವಿರ. ಸಿದ್ದಾಪುರದ್ದು ಅದಕ್ಕಿಂತಲೂ ಕಡಿಮೆ. ಇವು ಮಹಾನಗರಗಳಲ್ಲ. ಶಿರಸಿಯ ಮಾರಿಕಾಂಬಾ ದೇವಸ್ಥಾನ, ಬಿಡಕಿಬೈಲು, ಚನ್ನಪಟ್ಟಣ ಬಜಾರ, ದೇವಿಕೆರೆ ಇವೆಲ್ಲವೂ ಒಂದು ಸಾಧಾರಣ ನಡಿಗೆಯ ಒಳಗೇ ಮುಗಿಯುವ ನೆಲೆಗಳು. ಕಿರಾಣಿ, ಜವಳಿ, ಔಷಧಿ ಅಂಗಡಿ, ಬ್ಯಾಂಕು, ಅಂಚೆ ಕಚೇರಿ, ಶಾಲೆ ಎಲ್ಲವೂ ಅಕ್ಕಪಕ್ಕದಲ್ಲಿ ಬೆಳೆದುಕೊಂಡು ಬಂದಿವೆ. ಸಿದ್ದಾಪುರವಂತೂ ಒಂದು ಸುತ್ತು ಹಾಕಿದರೆ ಕೆಲಸವೆಲ್ಲ ಮುಗಿಯುವ ಊರು. ಬೆಂಗಳೂರಿನಲ್ಲಿ ಇಂಥ ನೆರೆಹೊರೆ ಬೇಕೆಂದು ಜನರು ಹಂಬಲಿಸುತ್ತಾರೆ; ಅದರ ಬಗ್ಗೆ ವಿಚಾರ ಸಂಕಿರಣಗಳು ನಡೆಯುತ್ತವೆ. ಮಲೆನಾಡಿನ ಪೇಟೆಗಳಿಗೆ ಅದು ಹಿರಿಯರಿಂದ ಪುಕ್ಕಟೆಯಾಗಿ ಬಂದ ಸೊತ್ತು. ಪುಕ್ಕಟೆಯಾಗಿ ಬಂದುದರ ಬೆಲೆ ಯಾರಿಗೂ ತಿಳಿಯದು.

ಹಿಂದಿನ ಪೇಟೆಯ ಬಾಳ್ವೆ ಹೇಗಿತ್ತೆಂಬುದು ಅರವತ್ತು ದಾಟಿದ ಎಲ್ಲರ ನೆನಪಿನಲ್ಲಿಯೂ ಇದೆ. ಕೆಳಗೆ ಅಂಗಡಿ, ಹಿಂದೆ ವಖಾರಿ, ಮೇಲೆ ಮನೆ. ಬೆಳಗಿನ ದರ್ಶನಕ್ಕೆ, ಹಾಲಿಗೆ, ತರಕಾರಿಗೆ ಎಲ್ಲರೂ ನಡೆದೇ ಹೋಗುತ್ತಿದ್ದರು. ಹೆಂಚಿನ ಮಾಡು ಬೀದಿಯ ಕಡೆಗೆ ಚಾಚಿಕೊಂಡಿರುತ್ತಿದ್ದುದರಿಂದ ಆಷಾಢದ ಮಳೆಯಲ್ಲಿಯೂ ಒಂದು ಅಂಗಡಿಯ ಜಗಲಿಯಿಂದ ಮತ್ತೊಂದಕ್ಕೆ ದಾಟುವವನಿಗೆ ಅಷ್ಟಿಷ್ಟು ಆಸರೆ ಸಿಗುತ್ತಿತ್ತು. ಜಗಲಿಯ ಮೇಲೆ ಕುಳಿತ ಸಾಹುಕಾರನು ಹಾದುಹೋಗುವ ಹಳ್ಳಿಯವನನ್ನು ಹೆಸರು ಹಿಡಿದು ಕರೆದು ಮಾತನಾಡಿಸುತ್ತಿದ್ದನು. ಯಾರ ಮನೆಯಲ್ಲಿ ಕಾಯಿಲೆ, ಯಾರ ಮಗಳಿಗೆ ಮದುವೆ, ಯಾರ ತೋಟಕ್ಕೆ ಕೊಳೆರೋಗ ಎಂಬುದೆಲ್ಲ ನಡೆಯುವವರ ಮುಖಾಂತರವೇ ಪೇಟೆಗೆ ತಿಳಿಯುತ್ತಿತ್ತು. ಸಾಲ ಕೊಡುವವನಿಗೆ ಸಾಲ ಪಡೆಯುವವನ ಗುಣ ತಿಳಿಯುತ್ತಿದ್ದುದೂ ಹಾಗೆಯೇ. ಸಾಧರ್ಮಿ ವಾತ್ಸಲ್ಯವೆಂಬುದು ಗ್ರಂಥದ ಮಾತಾಗಿರದೆ ಬೀದಿಯ ಮಾತಾಗಿತ್ತು.

ಇಂದು ಅನುಕೂಲಸ್ಥ ಕುಟುಂಬಗಳು ಮಹಡಿಯ ಮನೆಯನ್ನು ಗೋದಾಮು ಮಾಡಿ, ಊರಿನಿಂದ ಎರಡು-ಮೂರು ಕಿ.ಮೀ. ಆಚೆಗಿನ ಹೊಸ ಬಡಾವಣೆಗಳಲ್ಲಿ ಬಂಗಲೆ ಕಟ್ಟಿಸುತ್ತಿವೆ. ಗಾಳಿ-ಬೆಳಕು ಬೇಕೆಂಬ ಆಸೆ ತಪ್ಪಲ್ಲ. ಪರಿಣಾಮವನ್ನು ಮಾತ್ರ ವಿಚಾರಿಸಬೇಕು. ಅಲ್ಲಿ ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ವಾಹನ ಬೇಕು. ಮಕ್ಕಳು ಶಾಲೆಗೆ ತಾವಾಗಿ ಹೋಗಲಾರರು. ದಿನವೂ ಜಿನದರ್ಶನ ಮಾಡದೆ ಬಾಯಿಗೆ ನೀರು ಹಾಕದಿದ್ದ ವೃದ್ಧ ತಾಯಿ ಮಗನಿಗೆ ಬಿಡುವಾದ ದಿನ ಮಾತ್ರ ಬಸದಿಯನ್ನು ಕಾಣುತ್ತಾಳೆ. ಪೇಟೆಯ ಮನೆಯಲ್ಲಿ ಯಾರ ಹಂಗೂ ಇಲ್ಲದೆ ಕೋಲೂರಿಕೊಂಡು ನಡೆದು ಹೋಗುತ್ತಿದ್ದವಳು ಬಂಗಲೆಯಲ್ಲಿ ಪರಾಧೀನೆಯಾಗಿದ್ದಾಳೆ. ದಿಗ್ವ್ರತದ ಅತಿಚಾರಗಳಲ್ಲಿ ಕ್ಷೇತ್ರವೃದ್ಧಿ ಎಂಬುದೊಂದಿದೆ: ಹಾಕಿಕೊಂಡ ಮೇರೆಯನ್ನು ಲೋಭದಿಂದ ಹಿಗ್ಗಿಸಿಕೊಳ್ಳುವುದು. ವ್ರತವನ್ನು ವಿಧಿವತ್ತಾಗಿ ತೆಗೆದುಕೊಳ್ಳದವರಿಗೆ ಅತಿಚಾರವೂ ಇಲ್ಲವೆಂದು ಹೇಳಬಹುದು. ಮೇರೆ ಹಿಗ್ಗಿದಂತೆಲ್ಲ ಹಿಂಸೆಯೂ ಪರಿಗ್ರಹವೂ ಹಿಗ್ಗುತ್ತವೆ ಎಂಬ ಸತ್ಯ ಮಾತ್ರ ಎಲ್ಲರಿಗೂ ಒಂದೇ.

ವ್ಯಾಪಾರಿಗೆ ಲೆಕ್ಕದ ಭಾಷೆಯೇ ಹಿತವಾದರೆ ಅದನ್ನೂ ನೋಡಬಹುದು. ಮನೆಯಿಂದ ಅಂಗಡಿಗೆ 1 ಕಿ.ಮೀ. ಎಂದುಕೊಳ್ಳೋಣ. ಮಧ್ಯಾಹ್ನದ ಊಟಕ್ಕೆ ಬಂದು ಹೋಗುವುದೂ ಸೇರಿ ದಿನಕ್ಕೆ 4 ಕಿ.ಮೀ.; ವರ್ಷದಲ್ಲಿ 300 ದಿನಗಳಿಗೆ 1,200 ಕಿ.ಮೀ. ಲೀಟರಿಗೆ 40 ಕಿ.ಮೀ. ಓಡುವ ದ್ವಿಚಕ್ರ ವಾಹನಕ್ಕೆ 30 ಲೀಟರು ಪೆಟ್ರೋಲು ಬೇಕು. ಲೀಟರಿಗೆ ನೂರು ರೂಪಾಯಿ ಹಿಡಿದರೂ 3,000 ರೂಪಾಯಿ. ಒಂದು ಲೀಟರು ಪೆಟ್ರೋಲು ಉರಿದರೆ ಸುಮಾರು 2.3 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ವರ್ಷಕ್ಕೆ ಸುಮಾರು 70 ಕಿಲೋ. ಇದು ಖರ್ಚಿನ ಬದಿ. ಅದೇ 4 ಕಿ.ಮೀ.ಯನ್ನು ನಡೆದರೆ ದಿನಕ್ಕೆ ಐವತ್ತು ನಿಮಿಷ, ವಾರಕ್ಕೆ 300 ನಿಮಿಷ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಸಾಧಾರಣ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರ ಇಮ್ಮಡಿ ವ್ಯಾಯಾಮ ಕೆಲಸದೊಳಗೇ ದೊರಕಿತು. ಆದರೆ ವಾಸ್ತವದಲ್ಲಿ ನಡೆಯುತ್ತಿರುವುದೇನು? ಅಂಗಡಿಗೆ ಬೈಕಿನಲ್ಲಿ ಹೋಗಿ, ಸಂಜೆ ವೈದ್ಯರ ಆಜ್ಞೆಯಂತೆ ವಾಕಿಂಗಿಗಾಗಿ ಮತ್ತೆ ಬೈಕಿನಲ್ಲಿ ಮೈದಾನಕ್ಕೆ ಹೋಗುವುದು! ಒಂದೇ ಸರಕಿಗೆ ಎರಡು ಸಲ ಹಣ ಕೊಡುವ ವ್ಯಾಪಾರಿಯನ್ನು ಬುದ್ಧಿವಂತನೆನ್ನುವುದುಂಟೇ?

ಹಣದ ನಷ್ಟಕ್ಕಿಂತ ಗುರುತರವಾದ ಸಂಗತಿ ಮಳೆಗಾಲದ್ದು. ಮುನಿಗಳು ಚಾತುರ್ಮಾಸದಲ್ಲಿ ಒಂದೆಡೆ ನಿಲ್ಲುವುದು ಏಕೆ? ಮಳೆ ಬಿದ್ದೊಡನೆ ನೆಲವೆಲ್ಲ ಜೀವಮಯವಾಗುತ್ತದೆ. ಎಷ್ಟು ಎಚ್ಚರದಿಂದ ಅಡಿಯಿಟ್ಟರೂ ಹಿಂಸೆ ತಪ್ಪದು ಎಂಬ ಕಾರಣಕ್ಕೆ. ಈ ಮಾತು ಮಲೆನಾಡಿಗೆ ಸಲ್ಲುವಷ್ಟು ಬೇರೆಲ್ಲಿಗೂ ಸಲ್ಲಲಾರದು. ಮೊದಲ ಮಳೆಯ ಸಂಜೆ ಶಿರಸಿಯಿಂದ ಯಲ್ಲಾಪುರದ ಕಡೆಗೋ ಸಿದ್ದಾಪುರದ ಕಡೆಗೋ ಹೋಗುವ ರಸ್ತೆಯ ಅಂಚಿನಲ್ಲಿ ಹತ್ತು ನಿಮಿಷ ನಿಂತು ನೋಡಿದರೆ ಸಾಕು. ಎರೆಹುಳು, ಬಸವನಹುಳು, ಸಹಸ್ರಪದಿ, ಏಡಿ, ಕಪ್ಪೆಗಳು ಡಾಂಬರಿನ ಮೇಲೆ ಹರಿದಾಡುತ್ತವೆ. ಬೆಳಗಾಗುವಷ್ಟರಲ್ಲಿ ಅವುಗಳ ಗುರುತು ಮಾತ್ರ ಉಳಿದಿರುತ್ತದೆ. ಎರೆಹುಳು ದ್ವೀಂದ್ರಿಯ ಜೀವ, ಇರುವೆ ತ್ರೀಂದ್ರಿಯ, ಕಪ್ಪೆಯೋ ಪಂಚೇಂದ್ರಿಯ. ಇವೆಲ್ಲ ತ್ರಸ ಜೀವಿಗಳು. ಆಲೂಗಡ್ಡೆ, ಈರುಳ್ಳಿಗಳಲ್ಲಿರುವ ಏಕೇಂದ್ರಿಯ ಅನಂತಕಾಯಗಳಿಗೆ ಮರುಗುವ ಮನೆಗಳು, ರಾತ್ರಿಭೋಜನವನ್ನು ಕಟ್ಟುನಿಟ್ಟಾಗಿ ತ್ಯಜಿಸಿದ ಮನೆಗಳು, ಊಟ ಮುಗಿಸಿ ಕತ್ತಲೆಯಲ್ಲಿ ಹವಾ ತಿನ್ನಲು ಕಾರು ತೆಗೆದುಕೊಂಡು ಹೊರಡುವಾಗ ಈ ಪಂಚೇಂದ್ರಿಯಗಳ ಎಣಿಕೆಯನ್ನು ಯಾವ ಪುಸ್ತಕದಲ್ಲಿ ಬರೆದುಕೊಳ್ಳುತ್ತವೆ?

ಚಕ್ರಕ್ಕೆ ಸಿಲುಕುವವರು ಕಪ್ಪೆಗಳು ಮಾತ್ರವಲ್ಲ. ಕೇಂದ್ರ ಸರಕಾರದ ಅಂಕಿಸಂಖ್ಯೆಗಳಂತೆ 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನರು ಮೃತಪಟ್ಟರು. ಅವರಲ್ಲಿ 32,825 ಜನರು ಪಾದಚಾರಿಗಳು. ಐವರಲ್ಲಿ ಒಬ್ಬನು ನಡೆಯುತ್ತಿದ್ದ ಕಾರಣಕ್ಕೇ ಸತ್ತನು. ವಿಹಾರದಲ್ಲಿದ್ದ ಸಾಧು-ಸಾಧ್ವಿಯರು ಹೆದ್ದಾರಿಗಳಲ್ಲಿ ವಾಹನಗಳಿಗೆ ಸಿಲುಕಿ ಅಸುನೀಗಿದ ವಾರ್ತೆ ಗುಜರಾತ, ರಾಜಸ್ಥಾನಗಳಿಂದ ಮತ್ತೆ ಮತ್ತೆ ಬರುತ್ತಿದೆ. ಆಗೆಲ್ಲ ಸಮಾಜ ಶ್ರದ್ಧಾಂಜಲಿ ಸಭೆ ಸೇರುತ್ತದೆ. ನಡೆಯುವವನಿಗೆ ಇಂಬಿಲ್ಲದ ರಸ್ತೆಯಲ್ಲಿ ಮುನಿಗೂ ಇಂಬಿಲ್ಲ ಎಂಬುದನ್ನು ಆ ಸಭೆಗಳಲ್ಲಿ ಯಾರೂ ಹೇಳುವುದಿಲ್ಲ. ಬೆಳಗಾವಿ ಜಿಲ್ಲೆಯಲ್ಲಿ ಜನಿಸಿದ ಆಚಾರ್ಯ ಶಾಂತಿಸಾಗರರು (1872-1955) ದಕ್ಷಿಣದಿಂದ ಉತ್ತರದವರೆಗೆ ನಡೆದೇ ದಿಗಂಬರ ಮುನಿಪರಂಪರೆಗೆ ಮತ್ತೆ ಜೀವ ತುಂಬಿದರು. ಅದೇ ಜಿಲ್ಲೆಯ ಸದಲಗದಲ್ಲಿ ಹುಟ್ಟಿ 2024ರ ಫೆಬ್ರವರಿಯಲ್ಲಿ ಸಮಾಧಿಮರಣವನ್ನಪ್ಪಿದ ಆಚಾರ್ಯ ವಿದ್ಯಾಸಾಗರರೂ ನಡೆದೇ ಧರ್ಮಪ್ರಭಾವನೆ ಮಾಡಿದರು. ಅವರ ಭಾವಚಿತ್ರ ತೂಗಿಸಿದ ಅಂಗಡಿಯ ಮುಂದೆಯೇ ನಡೆಯಲು ಜಾಗವಿಲ್ಲದಿದ್ದರೆ ಆ ಚಿತ್ರಕ್ಕೆ ಹಾಕಿದ ಹಾರಕ್ಕೆ ಅರ್ಥವೇನು?

ಈಗ ಕಹಿಯಾದರೂ ಹೇಳಲೇಬೇಕಾದ ಮಾತು. ಪೇಟೆಯಲ್ಲಿ ನಡೆಯಲು ಜಾಗವಿಲ್ಲ ಎಂದು ಎಲ್ಲರೂ ದೂರುತ್ತಾರೆ. ಆ ಜಾಗ ಎಲ್ಲಿ ಹೋಯಿತು? ಅಂಗಡಿಯ ಮುಂದೆ ಜೋಡಿಸಿದ ಅಕ್ಕಿಮೂಟೆಗಳ ಕೆಳಗೆ, ಪ್ಲಾಸ್ಟಿಕ್ ಕೊಡಗಳ ರಾಶಿಯ ಕೆಳಗೆ, ಗಟಾರದ ಮೇಲೆ ಕಟ್ಟಿದ ಮೆಟ್ಟಿಲಿನ ಕೆಳಗೆ, ಮಾಲಕರ ಸ್ವಂತ ವಾಹನಗಳ ಕೆಳಗೆ ಹೋಯಿತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಂತೆ ಫುಟ್‌ಪಾತಿನಲ್ಲಿ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರು ಅಗಲ ನಡೆಯುವವನಿಗೆ ದೊರಕಬೇಕು. ಕಾಕತಾಳೀಯವಾಗಿ ಅದು ಈರ್ಯಾಸಮಿತಿಯ ನಾಲ್ಕು ಮೊಳವೇ. ಆ ನಾಲ್ಕು ಮೊಳ ನೆಲ ಅಂಗಡಿಯವನದಲ್ಲ, ಸಾರ್ವಜನಿಕರದು. ಯಾರೂ ಕೊಡದಿದ್ದುದನ್ನು ತೆಗೆದುಕೊಳ್ಳುವುದೇ ಅದತ್ತಾದಾನ, ಅದೇ ಚೌರ್ಯ. ತಕ್ಕಡಿಯಲ್ಲಿ ಗುಲಗಂಜಿ ತೂಕ ಕಡಿಮೆ ಕೊಡುವುದನ್ನು ಅಚೌರ್ಯಾಣುವ್ರತದ ಅತಿಚಾರವೆಂದು ಒಪ್ಪುವ ವ್ಯಾಪಾರಿ, ಬೆಳಗಿನಿಂದ ಸಂಜೆಯವರೆಗೆ ಇಡೀ ಊರಿನ ಕಾಲ ಕೆಳಗಿನ ನೆಲವನ್ನು ಕದ್ದು ಕುಳಿತಿರುವುದನ್ನು ವ್ಯಾಪಾರದ ರೂಢಿ ಎನ್ನುತ್ತಾನೆ.

ಈ ಕಳವಿನಿಂದ ನಷ್ಟವಾಗುವುದು ಯಾರಿಗೆ? ಕಾರಿನಲ್ಲಿ ಬರುವವನಿಗಲ್ಲ. ಹಳ್ಳಿಯಿಂದ ಬಸ್ಸಿನಲ್ಲಿ ಬಂದಿಳಿದು ಮಗುವನ್ನು ಕಂಕುಳಲ್ಲಿಟ್ಟುಕೊಂಡು ಚೀಲ ಹಿಡಿದು ನಡೆಯುವ ಹೆಂಗಸಿಗೆ, ಶಾಲೆಯ ಮಕ್ಕಳಿಗೆ, ಬೆನ್ನ ಮೇಲೆ ಮೂಟೆ ಹೊತ್ತ ಹಮಾಲಿಗೆ, ಕಣ್ಣು ಮಂಜಾದ ಮುದುಕನಿಗೆ. ಅವರು ಫುಟ್‌ಪಾತು ಬಿಟ್ಟು ವಾಹನಗಳ ನಡುವೆ ಇಳಿಯಬೇಕಾಗುತ್ತದೆ. ಯಲ್ಲಾಪುರದಲ್ಲಿ ಈ ಸಂಕಟ ಇನ್ನೂ ಘೋರ. ಅಂಕೋಲಾ-ಹುಬ್ಬಳ್ಳಿ ರಾಷ್ಟ್ರೀಯ ಹೆದ್ದಾರಿಯೇ ಊರಿನ ನಡುವೆ ಹಾದುಹೋಗುತ್ತದೆ. ಕರಾವಳಿಗೂ ಬಯಲುಸೀಮೆಗೂ ಓಡಾಡುವ ಭಾರೀ ಲಾರಿಗಳ ನಡುವೆ ಜನರು ಉಪ್ಪು-ಬೆಲ್ಲಕ್ಕಾಗಿ ರಸ್ತೆ ದಾಟಬೇಕು. ಅಂಥಲ್ಲಿ ಅಂಗಡಿಯ ಮುಂದಿನ ಎರಡು ಗಜ ನೆಲವೇ ಜೀವ ಉಳಿಸುವ ನೆಲ. ಅಭಯದಾನವನ್ನು ದಾನಗಳಲ್ಲಿ ಶ್ರೇಷ್ಠವೆಂದು ಹೊಗಳುವ ಸಮಾಜಕ್ಕೆ ಇದಕ್ಕಿಂತ ಸುಲಭವಾದ ಅಭಯದಾನ ಬೇರೆ ಇಲ್ಲ. ಹೊಸದಾಗಿ ಏನನ್ನೂ ಕೊಡಬೇಕಾಗಿಲ್ಲ. ತೆಗೆದುಕೊಂಡುದನ್ನು ಹಿಂದಿರುಗಿಸಿದರೆ ಸಾಕು. ಸುರಕ್ಷಿತವಾದ ಫುಟ್‌ಪಾತಿನ ಮೇಲೆ ನಡೆಯುವುದು ಸಂವಿಧಾನದ 21ನೆಯ ವಿಧಿಯ ಜೀವಿಸುವ ಹಕ್ಕಿನ ಒಂದು ಭಾಗವೆಂದು ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ ಹೇಳಿತು. ನ್ಯಾಯಾಲಯ ಹೇಳಿದ ಮೇಲೆ ಬಿಡುವುದು ದಂಡದ ಭಯ. ಅದಕ್ಕಾಗಿ ಕಾಯದೆ ತಾನಾಗಿ ಬಿಡುವುದು ಧರ್ಮ.

ಅಂಗಡಿಯ ಮಾತಾಯಿತು, ಇನ್ನು ಬಸದಿಯ, ಟ್ರಸ್ಟುಗಳ ಮಾತು. ಇತ್ತೀಚೆಗೆ ಸಮುದಾಯ ಭವನ ಕಟ್ಟಬೇಕೆಂದರೆ ಟ್ರಸ್ಟಿಗಳು ಮೊದಲು ಕೇಳುವ ಪ್ರಶ್ನೆ: ಎಷ್ಟು ಕಾರು ನಿಲ್ಲುತ್ತವೆ? ಆದುದರಿಂದ ಭವನಗಳು ಊರ ಹೊರಗೆ, ಹೆದ್ದಾರಿಯ ಬದಿಗೆ ಹೋಗುತ್ತಿವೆ. ಊರೊಳಗಿನ ಬಸದಿಗಳಲ್ಲಿ ಹೂವಿನ ಗಿಡಗಳಿದ್ದ ಅಂಗಳಕ್ಕೆ ಕಾಂಕ್ರೀಟು ಹಾಸಿ ವಾಹನಗಳಿಗೆ ಒಪ್ಪಿಸುವ ಯೋಜನೆಗಳು ನಡೆಯುತ್ತಿವೆ. ಕಾಲ್ನಡಿಗೆಯಲ್ಲಿ ಎಷ್ಟು ಮನೆಗಳವರು ಬರಬಲ್ಲರು ಎಂಬ ಪ್ರಶ್ನೆಯನ್ನು ಯಾವ ಸಭೆಯಲ್ಲಿಯೂ ಯಾರೂ ಕೇಳಿದಂತಿಲ್ಲ. ಸೋಂದೆಯ ಸ್ವಾದಿ ದಿಗಂಬರ ಜೈನ ಮಠಕ್ಕಾಗಲಿ, ಸಿದ್ದಾಪುರ ತಾಲೂಕಿನ ಬಿಳಗಿಯ ರತ್ನತ್ರಯ ಬಸದಿಗಾಗಲಿ ದೂರದವರು ವಾಹನದಲ್ಲಿ ಹೋಗುವುದು ಸಹಜ, ಅವು ಕ್ಷೇತ್ರಗಳು. ನಿತ್ಯದರ್ಶನದ ಬಸದಿಯ ಮಾತು ಬೇರೆ. ಅದು ಕೇರಿಯ ಬಸದಿ. ಅದಕ್ಕೆ ನಡೆದು ಬರುವ ದಾರಿಯೇ ಅದರ ಪ್ರಾಕಾರದ ಮೊದಲ ಬಾಗಿಲು. ಆ ದಾರಿಯನ್ನು ಮುಚ್ಚಿ ಒಳಗಿನ ಬಾಗಿಲಿಗೆ ಬೆಳ್ಳಿಯ ತಗಡು ಹೊದಿಸಿದರೆ ಏನು ಪುಣ್ಯ ಬಂದೀತು?

ಆಕ್ಷೇಪಗಳು ಹಲವು ಇವೆ; ಅವುಗಳಿಗೆ ಉತ್ತರ ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಮಲೆನಾಡಿನ ಮಳೆಯಲ್ಲಿ ನಡೆಯುವುದು ಹೇಗೆ ಎಂಬುದು ಮೊದಲನೆಯದು. ಈ ಮಳೆ ನಿನ್ನೆ ಬಂದುದಲ್ಲ. ಕಂಬಳಿಕೊಪ್ಪೆ ಹೊದ್ದು, ಕೊಡೆ ಹಿಡಿದು ಇದೇ ಮಳೆಯಲ್ಲಿ ತಲೆಮಾರುಗಳು ನಡೆದಿವೆ. ಆಗ ಇದ್ದು ಈಗ ಇಲ್ಲವಾದುದು ಚಾಚಿದ ಮಾಡು, ಮುಚ್ಚಿದ ಗಟಾರ, ತೆರವಾದ ಜಗಲಿ. ಅವನ್ನು ಮತ್ತೆ ಮಾಡಿಕೊಳ್ಳಬಹುದು. ವೃದ್ಧರು, ರೋಗಿಗಳು, ಅಂಗವಿಕಲರು ಏನು ಮಾಡಬೇಕು ಎಂಬುದು ಎರಡನೆಯದು. ಅವರಿಗೆ ವಾಹನ ಬೇಕು. ಅದರಲ್ಲಿ ಎಳ್ಳಷ್ಟೂ ದೋಷವಿಲ್ಲ. ಇಪ್ಪತ್ತೈದರ ಯುವಕರು ಕಾಲು ಕಿಲೋಮೀಟರಿಗೆ ಬೈಕು ತೆಗೆಯದಿದ್ದರೆ ಆ ವೃದ್ಧರ ಆಟೋರಿಕ್ಷಾಕ್ಕೂ ದಾರಿ ಸಿಕ್ಕೀತು. ಭಾರದ ಸರಕಿನ ಮಾತು ಬಂದರೆ, ಅದಕ್ಕೆ ಕೈಗಾಡಿಯೂ ಟೆಂಪೋ ಕೂಡ ಇರಲೇಬೇಕು, ಅದನ್ನು ಬೇಡವೆನ್ನುವವರಾರು? ಇಲೆಕ್ಟ್ರಿಕ್ ಸ್ಕೂಟರಿನಲ್ಲಿ ಹೊಗೆಯೇ ಇಲ್ಲವಲ್ಲ ಎಂಬುದು ಈಚಿನ ವಾದ. ಹೊಗೆ ಇಲ್ಲದಿರಬಹುದು, ಚಕ್ರ ಇದೆ, ವೇಗ ಇದೆ, ನಿಲ್ಲಿಸಲು ಅಷ್ಟೇ ಜಾಗವೂ ಬೇಕು. ಕಪ್ಪೆಗೆ ಪೆಟ್ರೋಲಿನ ಚಕ್ರವೂ ವಿದ್ಯುತ್ತಿನ ಚಕ್ರವೂ ಒಂದೇ.

ನಡೆಯುವುದರಲ್ಲಿಯೂ ಹಿಂಸೆ ಇದೆಯಲ್ಲ ಎಂಬುದು ಶಾಸ್ತ್ರಜ್ಞರ ಆಕ್ಷೇಪ. ನಿಜ; ಆದುದರಿಂದಲೇ ಶಾಸ್ತ್ರವು ಕಾರಣವಿಲ್ಲದ ತಿರುಗಾಟವನ್ನೂ ಪ್ರಮಾದಚರ್ಯೆ ಎಂದಿದೆ. ಹೋಗುವ ಅಗತ್ಯವಿದೆಯೇ ಎಂಬುದು ಮೊದಲ ಪ್ರಶ್ನೆ, ಹೇಗೆ ಹೋಗಬೇಕು ಎಂಬುದು ಎರಡನೆಯದು. ನಡೆಯುವವನು ಮೊದಲನೆಯ ಪ್ರಶ್ನೆಯನ್ನು ತಾನಾಗಿಯೇ ಕೇಳಿಕೊಳ್ಳುತ್ತಾನೆ. ನಾಲ್ಕು ಕೆಲಸಗಳನ್ನು ಕೂಡಿಸಿ ಒಂದೇ ಸಲಕ್ಕೆ ಹೊರಡುತ್ತಾನೆ. ಕೀಲಿ ಕೈಯಲ್ಲಿದ್ದವನು ನಾಲ್ಕು ಕೆಲಸಗಳಿಗೆ ನಾಲ್ಕು ಸಲ ಹೊರಡುತ್ತಾನೆ. ಪ್ರಮಾದವು ಸುಲಭತೆಯಿಂದ ಹುಟ್ಟುತ್ತದೆ. ಸಂಯಮಕ್ಕೆ ಸ್ವಲ್ಪ ಶ್ರಮ ಬೇಕು.

ವಾಹನಗಳನ್ನು ದೂರವಿಟ್ಟರೆ ವ್ಯಾಪಾರ ಹಾಳಾದೀತು ಎಂಬುದು ಕೊನೆಯ ಭಯ. ವಾಸ್ತವದಲ್ಲಿ ಇದೇ ಮೊದಲ ಭಯ. ಸ್ಪೇನ್ ದೇಶದಲ್ಲಿ ಪೊಂಟೆವೆದ್ರ ಎಂಬ ಊರಿದೆ; ಜನಸಂಖ್ಯೆ ಸುಮಾರು ಎಂಬತ್ತು ಸಾವಿರ, ಹೆಚ್ಚುಕಡಿಮೆ ಶಿರಸಿಯಂಥದೇ ಊರು. 1999ರಿಂದ ಅಲ್ಲಿಯ ಹಳೆಯ ಪೇಟೆಯಿಂದ ಕಾರುಗಳನ್ನು ಹೊರಗಿಟ್ಟು ಬೀದಿಗಳನ್ನು ನಡೆಯುವವರಿಗೆ ಬಿಟ್ಟುಕೊಡಲಾಯಿತು. ಪೇಟೆ ಪಾಳುಬೀಳಲಿಲ್ಲ; ಜನ ಮತ್ತೆ ಅಲ್ಲಿಗೆ ಬಂದರು. ಯಾವ ಸ್ಥಳದಿಂದ ಯಾವ ಸ್ಥಳಕ್ಕೆ ನಡೆಯಲು ಎಷ್ಟು ನಿಮಿಷ ಬೇಕೆಂಬುದನ್ನು ತೋರಿಸುವ ನಕಾಶೆಯನ್ನೂ ಆ ಊರಿನವರು ಅಚ್ಚು ಹಾಕಿಸಿದರು. ಇದೇ ಸಹ್ಯಾದ್ರಿಯ ಉತ್ತರದಲ್ಲಿ, ಮಲೆನಾಡಿಗೆ ಸರಿಮಿಗಿಲಾಗಿ ಮಳೆ ಸುರಿಯುವ ಮಹಾರಾಷ್ಟ್ರದ ಮಾಥೇರಾನಿನಲ್ಲಿಯೂ ಪ್ರವಾಸಿಗಳು ತಮ್ಮ ಕಾರುಗಳನ್ನು ಊರ ಹೊರಗೇ ಬಿಟ್ಟು ಒಳಗೆ ಹೋಗಬೇಕು; ಅಲ್ಲಿಯ ಅಂಗಡಿಗಳು ಮುಚ್ಚಿಲ್ಲ. ವೇಗವಾಗಿ ಹಾದುಹೋಗುವವನು ಗಿರಾಕಿಯಲ್ಲ; ನಿಂತು ನೋಡುವವನೇ ಗಿರಾಕಿ ಎಂಬುದು ಪೇಟೆಯ ಹಳೆಯ ಅನುಭವ.

ಇಷ್ಟು ದೂರದ ಉದಾಹರಣೆಗಳೂ ಬೇಕಾಗಿಲ್ಲ. ಎರಡು ವರ್ಷಗಳಿಗೊಮ್ಮೆ ಮಾರಿಕಾಂಬಾ ಜಾತ್ರೆಯಲ್ಲಿ ಶಿರಸಿಯೇ ಇದನ್ನು ಮಾಡಿ ತೋರಿಸುತ್ತದೆ. 2022ರಲ್ಲಿಯೂ 2024ರಲ್ಲಿಯೂ ಲಕ್ಷಗಟ್ಟಲೆ ಜನರು ಬಿಡಕಿಬೈಲಿನ ಸುತ್ತಮುತ್ತ ನಡೆದೇ ಓಡಾಡಿದರು, ನಡೆದೇ ಖರೀದಿ ಮಾಡಿದರು. ಆ ದಿನಗಳಲ್ಲಿ ವಾಹನವಿಲ್ಲವೆಂದು ಯಾವ ವ್ಯಾಪಾರಿಯೂ ಕಣ್ಣೀರಿಟ್ಟುದಿಲ್ಲ. ಅದೇ ಜಾತ್ರೆಯ ಇತಿಹಾಸದಲ್ಲಿ ಜೈನರು ವಿಶೇಷವಾಗಿ ನೆನೆಯಬೇಕಾದ ಸಂಗತಿಯೊಂದಿದೆ. ತಲೆಮಾರುಗಳಿಂದ ನಡೆದು ಬಂದಿದ್ದ ಕೋಣನ ಬಲಿ, ಗಾಂಧೀಜಿಯವರು 1934ರಲ್ಲಿ ಶಿರಸಿಗೆ ಬಂದ ಕಾಲದ ಅಹಿಂಸೆಯ ಚಳವಳಿಯಿಂದ ನಿಂತಿತು. ರೂಢಿ ಎಷ್ಟೇ ಹಳೆಯದಾಗಿರಲಿ, ಅದು ಹಿಂಸೆಯೆಂದು ಮನವರಿಕೆಯಾದಾಗ ಊರಿಗೆ ಊರೇ ಅದನ್ನು ಬಿಡಬಲ್ಲದು ಎಂಬುದಕ್ಕೆ ಶಿರಸಿಯೇ ಸಾಕ್ಷಿ. ಅನ್ಯರ ಬಲಿಯನ್ನು ಖಂಡಿಸುವುದು ಸುಲಭ. ತನ್ನ ಅನುಕೂಲದ ಬಲಿಯನ್ನು ಗುರುತಿಸುವುದು ಕಷ್ಟ. ಅಂದು ಪರಂಪರೆಯ ರೂಢಿಯನ್ನು ಬಿಟ್ಟ ಊರಿನಲ್ಲಿ, ಇಂದು ನಲವತ್ತು ವರ್ಷವೂ ಆಗದ ಒಂದು ಚಟವನ್ನು ಬಿಡಲು ಅಹಿಂಸಾಧರ್ಮಿಗಳಿಗ��� ಆಗದೇ?

ಮಾಡಬೇಕಾದುದು ದೊಡ್ಡದೇನಲ್ಲ. ಬಸದಿಗಳ ಟ್ರಸ್ಟುಗಳು ಮುಂದಿನ ವಾರ್ಷಿಕ ಸಭೆಯಲ್ಲಿ ಮೂರು ಠರಾವುಗಳನ್ನು ಅಂಗೀಕರಿಸಲಿ. ಪೇಟೆಯೊಳಗಿನ ಬಸದಿಯ ಅಂಗಳವನ್ನು ವಾಹನಗಳಿಗೆ ಬಿಟ್ಟುಕೊಡುವುದಿಲ್ಲ ಎಂಬುದು ಮೊದಲನೆಯದು. ಹೊಸ ಭವನ, ಪಾಠಶಾಲೆ, ವೃದ್ಧರ ವಸತಿ ಯಾವುದನ್ನೇ ಕಟ್ಟಿದರೂ ಬಹುಪಾಲು ಮನೆಗಳಿಂದ ನಡೆದು ಬರಬಲ್ಲ ಜಾಗದಲ್ಲಿಯೇ ಕಟ್ಟಬೇಕು ಎಂಬುದು ಎರಡನೆಯದು. ಸಮಾಜದ ಯಾವ ಅಂಗಡಿಯ ಸರಕೂ ಫುಟ್‌ಪಾತಿನ ಮೇಲೆ ಇರಕೂಡದು ಎಂಬುದು ಮೂರನೆಯದು. ಅದನ್ನು ಮೊದಲು ಟ್ರಸ್ಟಿಗಳೇ ತಮ್ಮ ಅಂಗಡಿಗಳಲ್ಲಿ ಪಾಲಿಸಲಿ. ಬಸದಿಯ ಸೂಚನಾ ಫಲಕದಲ್ಲಿ ಪಂಚಾಂಗದ ಪಕ್ಕದಲ್ಲಿ ಇನ್ನೊಂದು ಹಾಳೆ ಇರಲಿ: ಇಲ್ಲಿಂದ ಅಂಚೆ ಕಚೇರಿಗೆ, ಬ್ಯಾಂಕಿಗೆ, ಆಸ್ಪತ್ರೆಗೆ, ಬಸ್ ನಿಲ್ದಾಣಕ್ಕೆ ನಡೆದರೆ ಎಷ್ಟು ನಿಮಿಷ. ಹೆಚ್ಚಿನವು ಹದಿನೈದು ನಿಮಿಷವನ್ನು ದಾಟಲಾರವು ಎಂಬುದನ್ನು ನೋಡಿ ಹಲವರು ಬೆರಗಾಗಬಹುದು.

ಮನೆಗಳವರು ದಶಲಕ್ಷಣ ಪರ್ವದಲ್ಲಿ ಆರಂಭಿಸಲಿ. ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ಹತ್ತು ದಿನ ಪೇಟೆಯೊಳಗಿನ ಎಲ್ಲ ಕೆಲಸಗಳಿಗೂ ನಡೆದೇ ಹೋಗುವೆವೆಂದು ದೇಶಾವಕಾಶಿಕ ನಿಯಮವನ್ನು ತೆಗೆದುಕೊಳ್ಳಲಿ. ಆರನೆಯ ದಿನ ಉತ್ತಮ ಸಂಯಮದ ಪೂಜೆ. ಪ್ರಾಣಿಸಂಯಮ, ಇಂದ್ರಿಯಸಂಯಮಗಳ ಪ್ರವಚನ ಕೇಳಿ ಹೊರಬಂದಾಗ ಬಾಗಿಲಲ್ಲಿ ಸಾಲುಗಟ್ಟಿ ನಿಂತ ವಾಹನಗಳು ಕಾಣದಿದ್ದರೆ ಆ ಪ್ರವಚನ ಕೇಳಿದ್ದು ಸಾರ್ಥಕವಾಯಿತು. ಹತ್ತು ದಿನ ಸಾಧ್ಯವಾದುದು ಹನ್ನೊಂದನೆಯ ದಿನ ಏಕೆ ಸಾಧ್ಯವಿಲ್ಲ ಎಂಬ ಪ್ರಶ್ನೆ ಆಗ ತಾನಾಗಿಯೇ ಏಳುತ್ತದೆ.

ಮುನಿಗಳ ಪಾದಗಳಿಗೆ ನೀರೆರೆಯುವ ಕೈಗಳು ಆ ಪಾದಗಳು ನಡೆಯುವ ದಾರಿಯನ್ನೂ ತೆರವು ಮಾಡಬೇಕು. ಅಂಗಡಿಯ ಮುಂದಿನ ಆ ನಾಲ್ಕು ಮೊಳ ನೆಲದಿಂದ ಮೂಟೆಯನ್ನು ಒಳಗೆ ಎಳೆದುಕೊಳ್ಳಲು ಠರಾವು ಬೇಕಾಗಿಲ್ಲ, ಮುಹೂರ್ತವೂ ಬೇಕಾಗಿಲ್ಲ. ನಾಳೆ ಬೆಳಿಗ್ಗೆ ಬಾಗಿಲು ತೆರೆಯುವಾಗ ಅದನ್ನು ಮಾಡಬಹುದು.